ವಾಹನದ ಹೊಗೆ ಇಳಿಸಲು ಪಾಲಿಕೆಯ ಬಳಿ ಏನು ಕೇಳೋಣ? ಕೆಲವು ದಾರಿಗಳ ಹೋಲಿಕೆ

ಕಳೆದ ಕೆಲವು ತಿಂಗಳಲ್ಲಿ ಬೇರೆ ಬೇರೆ ಬಡಾವಣೆಗಳ ನಿವಾಸಿ ಸಂಘದವರು ನನ್ನ ಬಳಿ ತಂದದ್ದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. ರಸ್ತೆಯ ಹೊಗೆ ತಡೆಯಲಾಗುತ್ತಿಲ್ಲ, ವಾರ್ಡ್ ಸಭೆಯಲ್ಲಿ ಮನವಿ ಕೊಡಬೇಕೆಂದಿದ್ದೇವೆ, ಆದರೆ ಮನವಿಯಲ್ಲಿ ಏನು ಬರೆಯುವುದು ಎನ್ನುವಲ್ಲಿ ನಮ್ಮನಮ್ಮಲ್ಲೇ ಒಮ್ಮತ ಇಲ್ಲ. ಒಬ್ಬರಿಗೆ ನೀರು ಸಿಂಪಡಿಸುವ ಲಾರಿ ಬೇಕು. ಇನ್ನೊಬ್ಬರಿಗೆ ಎಲೆಕ್ಟ್ರಿಕ್ ಬಸ್. ಮತ್ತೊಬ್ಬರು ಮಾರ್ಕೆಟ್ ರಸ್ತೆಗೆ ಗಾಡಿಗಳನ್ನೇ ಬಿಡಬಾರದು ಅನ್ನುತ್ತಾರೆ. ಅಂಗಡಿಯವರು ಇದ್ಯಾವುದೂ ಬೇಡ, ಒಂದು ಮೇಲ್ಸೇತುವೆ ಬಂದರೆ ಎಲ್ಲ ಸರಿಹೋಗುತ್ತದೆ ಎಂದು ಕೂತಿದ್ದಾರೆ.

ಬೆಂಗಳೂರನ್ನು ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ. 2025ರ ಸೆಪ್ಟೆಂಬರಿನಿಂದ ಇಲ್ಲಿ ಬಿಬಿಎಂಪಿಯ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಅದರಡಿ ಐದು ಪಾಲಿಕೆಗಳಿವೆ. ಹೊಸ ವ್ಯವಸ್ಥೆ ಕೂರುತ್ತಿರುವ ಈ ಹೊತ್ತಿನಲ್ಲಿ ಏನು ಕೇಳುತ್ತೇವೆ ಎನ್ನುವುದಕ್ಕೆ ತೂಕವಿದೆ. ಹುಬ್ಬಳ್ಳಿ, ದಾವಣಗೆರೆ, ಕಲಬುರಗಿಯವರಿಗೂ ಇದರಲ್ಲಿ ಬಹುಪಾಲು ಅನ್ವಯವಾಗುತ್ತದೆ. ಕೇಂದ್ರ ಸರ್ಕಾರ 2019ರಲ್ಲಿ ಶುರುಮಾಡಿದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಕರ್ನಾಟಕದಿಂದ ಇರುವುದು ಈ ನಾಲ್ಕೇ ಊರು: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ.

ಯಾವುದನ್ನು ಯಾವುದಕ್ಕೆ ತೂಗುವುದು

ಆಯ್ಕೆಗಳಿಗೆ ಹೋಗುವ ಮೊದಲು ತಕ್ಕಡಿ ಸರಿಯಿರಬೇಕು. ನಾನು ಮೊದಲು ಕೇಳುವ ಪ್ರಶ್ನೆ, ಈ ಕ್ರಮದಿಂದ ಇಳಿಯುವುದು ದೂಳೋ ಹೊಗೆಯೋ? ಎರಡೂ ಒಂದೇ ಅಲ್ಲ. ಗಾಳಿಯಲ್ಲಿ ತೇಲುವ ಕಣಗಳನ್ನು ಗಾತ್ರ ನೋಡಿ ಪಿಎಂ 10, ಪಿಎಂ 2.5 ಎಂದು ಕರೆಯುತ್ತಾರೆ. ಪಿಎಂ 10 ಎನ್ನುವುದರಲ್ಲಿ ದಪ್ಪ ಕಣವೇ ಹೆಚ್ಚು, ಬಹುಪಾಲು ಮೂಗು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಪಿಎಂ 2.5 ಕೂದಲೆಳೆಗಿಂತ ಎಷ್ಟೋ ಪಾಲು ಸಣ್ಣದು, ಶ್ವಾಸಕೋಶದ ತಳಕ್ಕಿಳಿದು ರಕ್ತಕ್ಕೂ ಸೇರುತ್ತದೆ. ಇವುಗಳ ಜೊತೆಗೆ ನೈಟ್ರೋಜನ್ ಡೈಆಕ್ಸೈಡ್ ಎಂಬ ಅನಿಲ. ನಗರದಲ್ಲಿ ಇದರ ಮುಖ್ಯ ಮೂಲವೇ ಎಂಜಿನ್, ಅದರಲ್ಲೂ ಡೀಸೆಲ್ ಎಂಜಿನ್. ಪಿಎಂ 2.5ಕ್ಕೆ ನಮ್ಮ ದೇಶದ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. ನೈಟ್ರೋಜನ್ ಡೈಆಕ್ಸೈಡಿಗೆ ನಮ್ಮದು 40, ಅವರದು 10. ಹಾಗಾಗಿ ‘ಮಿತಿಯೊಳಗೆ ಇದೆ’ ಎಂದು ಅಧಿಕಾರಿಗಳು ಹೇಳಿದಾಗ ಯಾವ ಮಿತಿ ಎಂದು ಕೇಳುವ ಹಕ್ಕು ನಮಗಿದೆ.

ಎರಡನೆಯದು, ಇಳಿಯುವ ಹೊಗೆ ಯಾರ ಮೂಗಿನದು? ಗಾಜು ಏರಿಸಿಕೊಂಡು ಎಸಿ ಹಾಕಿಕೊಂಡವರದೋ, ಬಸ್ ಸ್ಟಾಪಿನಲ್ಲಿ ನಿಂತವರದೋ, ದಿನವಿಡೀ ಜಂಕ್ಷನ್ನಿನಲ್ಲಿ ಹೂ ಮಾರುವವರದೋ? ನಗರದ ಸರಾಸರಿ ಅಂಕಿ ಒಂದು ಚೂರು ಇಳಿಯುವುದಕ್ಕಿಂತ ಶಾಲೆಯ ಗೇಟಿನ ಮುಂದೆ ಅರ್ಧ ಇಳಿಯುವುದು ನನಗೆ ಹೆಚ್ಚು ಮುಖ್ಯ.

ಮೂರನೆಯದು ದುಡ್ಡು. ಪಾಲಿಕೆಗೆ ಎಷ್ಟು ಖರ್ಚು ಎನ್ನುವುದರ ಜೊತೆಗೆ ಯಾರ ಜೇಬಿನಿಂದ ಹೋಗುತ್ತದೆ ಎನ್ನುವುದನ್ನೂ ನೋಡಬೇಕು. ಕೊನೆಯದನ್ನು ಜನ ಮರೆತೇಬಿಡುತ್ತಾರೆ: ಇದು ಪಾಲಿಕೆಯ ಕೈಯಲ್ಲಿದೆಯೇ? ರಸ್ತೆ, ಫುಟ್‌ಪಾತ್, ಪಾರ್ಕಿಂಗ್ ಜಾಗ, ಮರ, ಕಸ ಗುಡಿಸುವುದು ಪಾಲಿಕೆಯದು. ಬಸ್ಸು ಬಿಎಂಟಿಸಿಯದು. ಸಿಗ್ನಲ್, ಒನ್‌ವೇ, ನೋ ಎಂಟ್ರಿ ಸಂಚಾರ ಪೊಲೀಸರದು. ಎಮಿಷನ್ ಟೆಸ್ಟ್, ಗಾಡಿ ಓಡಲು ಯೋಗ್ಯ ಎನ್ನುವ ಎಫ್‌ಸಿ ಪತ್ರ ಆರ್‌ಟಿಒದ್ದು. ಗಾಳಿ ಅಳೆಯುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯದು. ಪಾಲಿಕೆಗೆ ಅಧಿಕಾರವೇ ಇಲ್ಲದ ವಿಷಯ ಕೇಳಿದರೆ ಮನವಿ ‘ಸಂಬಂಧಪಟ್ಟ ಇಲಾಖೆಗೆ ರವಾನೆ’ ಆಗಿ ಅಲ್ಲಿಗೆ ಮುಗಿಯುತ್ತದೆ. ನಮ್ಮ ಸಂಘವೇ ಒಂದು ವರ್ಷ ಹೀಗೆ ಕಳೆದಿದೆ.

ಗುಡಿಸುವ ಯಂತ್ರ, ನೀರಿನ ಲಾರಿ, ಗಾಳಿ ಶುದ್ಧೀಕರಣ ಗೋಪುರ

ಪಾಲಿಕೆಗಳಿಗೆ ಅತಿ ಸುಲಭವಾದ ದಾರಿ ಇದೇ. ಯಾರ ವಿರೋಧವೂ ಇಲ್ಲ, ಟೆಂಡರ್ ಕರೆದು ಗಾಡಿ ಕೊಂಡರೆ ಕೆಲಸ ಆದಂತೆ ಕಾಣುತ್ತದೆ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2024ರಲ್ಲಿ ಲೆಕ್ಕ ಹಾಕಿದಂತೆ, ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ದೇಶದಾದ್ಯಂತ ಖರ್ಚಾದ ಹಣದಲ್ಲಿ ಶೇ. 64ರಷ್ಟು ರಸ್ತೆ ದೂಳಿಗೇ ಹೋಗಿದೆ. ವಾಹನದ ಹೊಗೆಗೆ ಸಿಕ್ಕಿದ್ದು ಶೇ. 13ಕ್ಕಿಂತ ಕಡಿಮೆ. ನಗರಗಳ ಸಾಧನೆಯನ್ನು ಅಳೆಯುವುದು ಪಿಎಂ 10ರಲ್ಲಿ. ಪಿಎಂ 10 ಬೇಗ ಇಳಿಸಬೇಕೆಂದರೆ ದೂಳು ಗುಡಿಸುವುದೇ ಹತ್ತಿರದ ದಾರಿ. ಹಣ ಅತ್ತ ಹರಿಯುವುದು ಇದಕ್ಕೇ.

ದೂಳಿನಿಂದ ತೊಂದರೆ ಇಲ್ಲವೆಂದಲ್ಲ. 2010ರಲ್ಲಿ ಟೆರಿ ಎಂಬ ಇಂಧನ-ಪರಿಸರ ಸಂಶೋಧನಾ ಸಂಸ್ಥೆ ಬೆಂಗಳೂರಿಗೆ ಮಾಡಿದ ಅಧ್ಯಯನದ ಪ್ರಕಾರ ಪಿಎಂ 10ರಲ್ಲಿ ಶೇ. 42ರಷ್ಟು ವಾಹನದ್ದು, ಶೇ. 20ರಷ್ಟು ರಸ್ತೆ ದೂಳಿನದು. ಆದರೆ ಆ ದೂಳನ್ನು ಎಬ್ಬಿಸುವುದೂ ಗಾಡಿಯ ಚಕ್ರವೇ. ಬೆಳಗ್ಗೆ ಗುಡಿಸಿದ್ದು ಸಂಜೆಗೆ ಮತ್ತೆ ಎದ್ದಿರುತ್ತದೆ. ನೀರು ಚಿಮ್ಮಿಸಿದರೆ ಒಣಗುವವರೆಗೆ ಮಾತ್ರ, ಅದೂ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುವ ಊರಿನಲ್ಲಿ. ಗಾಳಿ ಶುದ್ಧ ಮಾಡುವ ಗೋಪುರದ ಕಥೆ ಇನ್ನೂ ನೋವಿನದು. ದೆಹಲಿಯ ಕನಾಟ್ ಪ್ಲೇಸಿನಲ್ಲಿ 2021ರ ಆಗಸ್ಟಿನಲ್ಲಿ 20 ಕೋಟಿ ರೂಪಾಯಿಗೂ ಹೆಚ್ಚು ಸುರಿದು ಒಂದನ್ನು ನಿಲ್ಲಿಸಿದರು. ಅದರ ನೂರು ಮೀಟರ್ ಆಸುಪಾಸಿನಲ್ಲೂ ಇಳಿದದ್ದು ಶೇ. 17ರಷ್ಟು ಎಂದು ಅಲ್ಲಿನ ಮಾಲಿನ್ಯ ನಿಯಂತ್ರಣ ಸಮಿತಿಯೇ ಹೇಳಿತು.

ನಿಮ್ಮ ವಾರ್ಡಿನಲ್ಲಿ ಮೆಟ್ರೊ ಕಾಮಗಾರಿಯೋ ದೊಡ್ಡ ಕಟ್ಟಡದ ಕೆಲಸವೋ ನಡೆಯುತ್ತಿದ್ದರೆ, ಮಣ್ಣು ಸಾಗಿಸುವ ಲಾರಿಗೆ ಟಾರ್ಪಾಲು ಹೊದಿಸುವುದು, ಅಗೆದ ರಸ್ತೆಯನ್ನು ಕೂಡಲೇ ಮುಚ್ಚಿ ಡಾಂಬರು ಹಾಕುವುದು, ಫುಟ್‌ಪಾತಿನ ಅಂಚಿನ ಮಣ್ಣಿಗೆ ಕಲ್ಲು ಹಾಸುವುದು, ಇಷ್ಟನ್ನು ಖಂಡಿತ ಕೇಳಿ. ಮೂಲದಲ್ಲೇ ದೂಳು ತಡೆಯುವ ಕೆಲಸಗಳಿವು, ಖರ್ಚೂ ಕಡಿಮೆ. ಗೋಪುರ ಕೇಳಬೇಡಿ.

ಮೇಲ್ಸೇತುವೆ, ಸುರಂಗ

ಗಾಡಿ ನಿಲ್ಲದೆ ಓಡಿದರೆ ಹೊಗೆ ಕಡಿಮೆ ಎನ್ನುವ ವಾದ ಆ ಒಂದು ಸಿಗ್ನಲ್ಲಿಗೆ, ಮೊದಲ ಒಂದೆರಡು ವರ್ಷಕ್ಕೆ ನಿಜ. ದಾರಿ ಸಲೀಸಾದಷ್ಟೂ ಗಾಡಿ ತೆಗೆಯುವವರು ಹೆಚ್ಚುತ್ತಾರೆ, ದಟ್ಟಣೆ ಮುಂದಿನ ಸಿಗ್ನಲ್ಲಿಗೆ ಸರಿಯುತ್ತದೆ. ಹೆಬ್ಬಾಳ ಮೇಲ್ಸೇತುವೆಯ ತುದಿಯಲ್ಲಿ ಸಂಜೆ ಆರಕ್ಕೆ ನಿಂತವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. 2016ರಲ್ಲಿ ‘ಸ್ಟೀಲ್ ಫ್ಲೈಓವರ್ ಬೇಡ’ ಎಂದು ಜನ ಕೈ ಕೈ ಹಿಡಿದು ಸಾಲು ನಿಂತದ್ದು ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಸುಮಾರು ಎಂಟು ನೂರು ಮರಗಳಿಗಾಗಿ. ಮಾರನೆಯ ವರ್ಷ ಸರ್ಕಾರ ಆ ಯೋಜನೆಯನ್ನು ಕೈಬಿಟ್ಟಿತು. ಗಾಳಿಯ ಹೆಸರಿನಲ್ಲಿ ಮೇಲ್ಸೇತುವೆ ಕೇಳುವುದನ್ನು ನಾನು ಆಯ್ಕೆಯೆಂದೇ ಪರಿಗಣಿಸುವುದಿಲ್ಲ.

ಶಾಲೆ ಮುಂದಿನ ರಸ್ತೆ, ಮಾರ್ಕೆಟ್ ರಸ್ತೆ: ಗಾಡಿಗೆ ಹೊತ್ತು ಗೊತ್ತು

ನನ್ನ ಅಕ್ಕನ ಮಗಳಿಗೆ ಎಂಟು ವರ್ಷ, ಬ್ಯಾಗಿನಲ್ಲಿ ಇನ್‌ಹೇಲರ್ ಇಟ್ಟುಕೊಂಡೇ ಶಾಲೆಗೆ ಹೋಗುತ್ತಾಳೆ. ಬೆಳಗ್ಗೆ ಎಂಟೂಕಾಲಕ್ಕೆ ಅವಳ ಶಾಲೆಯ ಗೇಟಿನ ಮುಂದೆ ನಿಂತಿದ್ದೇನೆ. ವ್ಯಾನು, ಕಾರು, ಆಟೊ ಎಲ್ಲವೂ ಎಂಜಿನ್ ಆಫ್ ಮಾಡದೆ ಸಾಲುಗಟ್ಟಿ ನಿಂತಿರುತ್ತವೆ. ಸೈಲೆನ್ಸರ್ ಕೊಳವೆ ಇರುವ ಎತ್ತರಕ್ಕೂ ಎಂಟು ವರ್ಷದ ಮಗುವಿನ ಮುಖಕ್ಕೂ ನಡುವೆ ಇರುವ ಅಂತರ ನೋಡಿದರೆ ಸಂಕಟವಾಗುತ್ತದೆ.

ಲಂಡನ್ನಿನ ಸ್ಥಳೀಯ ಆಡಳಿತಗಳು ಇದಕ್ಕೆ ಒಂದು ಸರಳ ಉಪಾಯ ಮಾಡಿವೆ. ಶಾಲೆ ಶುರುವಾಗುವಾಗ ಮತ್ತು ಬಿಡುವಾಗ ಗೇಟಿನ ಮುಂದಿನ ರಸ್ತೆಗೆ ಗಾಡಿ ಬಿಡುವುದಿಲ್ಲ, ಅಲ್ಲಿ ಮನೆ ಇರುವವರು ಮೊದಲಾದ ಕೆಲವರಿಗೆ ಮಾತ್ರ ವಿನಾಯಿತಿ. 2021ರಲ್ಲಿ ಹದಿನೆಂಟು ಪ್ರಾಥಮಿಕ ಶಾಲೆಗಳಲ್ಲಿ ಅಳೆದಾಗ ಬೆಳಗಿನ ಹೊತ್ತು ನೈಟ್ರೋಜನ್ ಡೈಆಕ್ಸೈಡ್ ಶೇ. 23ರವರೆಗೆ ಇಳಿದಿತ್ತು. ಬೇಕಾದದ್ದು ಎರಡು ಬ್ಯಾರಿಕೇಡ್, ಒಂದು ಬೋರ್ಡು, ಒಬ್ಬ ಮಾರ್ಷಲ್, ಪೊಲೀಸರ ಒಂದು ಆದೇಶ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ನೇರವಾಗಿ ಮಕ್ಕಳಿಗೆ ತಲುಪುವ ಕ್ರಮ ಇನ್ನೊಂದಿಲ್ಲ. ತೊಡಕು ಇರುವುದು ದೊಡ್ಡ ರಸ್ತೆಗೇ ಗೇಟಿರುವ ಶಾಲೆಗಳಲ್ಲಿ. ಅಂಥ ಕಡೆ ಗಾಡಿಗಳು ನೂರಿನ್ನೂರು ಮೀಟರ್ ಆಚೆ ನಿಂತು ಮಕ್ಕಳನ್ನು ಇಳಿಸಬೇಕಾಗುತ್ತದೆ, ಅಲ್ಲಿಂದ ಗೇಟಿನವರೆಗೆ ನಡೆಯಲು ಫುಟ್‌ಪಾತ್ ಇರಲೇಬೇಕು.

ಮಾರ್ಕೆಟ್ ರಸ್ತೆ ಇನ್ನೊಂದು ಬಗೆ. ಬೆಂಗಳೂರಿನಲ್ಲಿ ನಮ್ಮ ಕಣ್ಣೆದುರಿಗೇ ಆದ ಪ್ರಯೋಗ ಚರ್ಚ್ ಸ್ಟ್ರೀಟಿನದು. 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯಗಳಲ್ಲಿ ಗಾಡಿ ನಿಲ್ಲಿಸಿ ಜನರಿಗೆ ಬಿಟ್ಟುಕೊಟ್ಟರು. ನಗರ ಭೂಸಾರಿಗೆ ನಿರ್ದೇಶನಾಲಯ ಮುಂದೆ ನಿಂತಿತ್ತು, ಗಾಳಿ ಅಳೆಯುವ ಕೆಲಸದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಜೊತೆಗಿತ್ತು. ರಸ್ತೆಗೆ ಕಲ್ಲು ಹಾಸಿ, ಫುಟ್‌ಪಾತ್ ಅಗಲಿಸಿ ಆಗಲೇ ಎರಡು ವರ್ಷವಾಗಿದ್ದರಿಂದ ನಡೆಯುವವರಿಗೆ ಜಾಗ ಸಿದ್ಧವಾಗಿತ್ತು, ಪಕ್ಕದಲ್ಲೇ ಮೆಟ್ರೊ ನಿಲ್ದಾಣವೂ ಇತ್ತು. ಈ ಎರಡೂ ಇಲ್ಲದ ಕಡೆ ಗಾಡಿ ನಿಲ್ಲಿಸಿದರೆ ಗಲಾಟೆ ಖಚಿತ. ಗಾಂಧಿ ಬಜಾರಿನಲ್ಲಿ ರಸ್ತೆಯ ರೂಪ ಬದಲಿಸಲು ಹೊರಟಾಗ ವ್ಯಾಪಾರಿಗಳು ಎದ್ದು ನಿಂತದ್ದು, ಕೆಲಸ ಎಳೆದಷ್ಟೂ ಹೂವು ಹಣ್ಣು ಮಾರುವವರ ದಿನದ ಸಂಪಾದನೆ ಸೊರಗಿದ್ದು ನೆನಪಿದೆಯಲ್ಲ? ಅವರ ಸಿಟ್ಟಿನಲ್ಲಿ ನ್ಯಾಯ ಇತ್ತು. ಅಗೆಯುವ ಕೆಲಸ ಹಬ್ಬದ ತಿಂಗಳಲ್ಲಿ ಬೇಡ, ಒಂದೊಂದು ತುಂಡು ಮುಗಿಸಿಯೇ ಮುಂದಿನದಕ್ಕೆ ಹೋಗಬೇಕು ಎನ್ನುವ ಷರತ್ತನ್ನು ಮನವಿಯಲ್ಲೇ ಬರೆಯಿರಿ.

ಇನ್ನೊಂದು ಮಾತು. ಒಂದು ರಸ್ತೆ ಮುಚ್ಚಿದರೆ ಅದರ ಗಾಡಿಗಳೆಲ್ಲ ಪಕ್ಕದ ಅಡ್ಡರಸ್ತೆಗೆ ಹೋಗಿ, ಅಲ್ಲಿ ವಾಸವಿರುವವರಿಗೆ ಹೊಗೆ ಕುಡಿಸಬಾರದು. ಸರಕಿನ ಟೆಂಪೊಗಳಿಗೆ ಬೆಳಗ್ಗೆ ಏಳರೊಳಗೆ ಸಮಯ ಕೊಟ್ಟು, ಪಕ್ಕದ ರಸ್ತೆಗಳಿಗೆ ಒನ್‌ವೇ ಮಾಡಿದ ನಕ್ಷೆ ಕೈಯಲ್ಲಿ ಇಲ್ಲದೆ ಈ ಬೇಡಿಕೆ ಇಡಬೇಡಿ.

ಪಾರ್ಕಿಂಗ್ ಶುಲ್ಕ ಮತ್ತು ಫುಟ್‌ಪಾತ್

ಇವೆರಡನ್ನೂ ಒಟ್ಟಿಗೆ ಇಡುತ್ತೇನೆ, ಯಾಕೆಂದರೆ ಒಂದರ ಹಣ ಇನ್ನೊಂದಕ್ಕೆ ಹೋಗಬೇಕು. ಈ ಜೋಡಿ ಹೆಚ್ಚುಕಡಿಮೆ ಪೂರ್ತಿ ಪಾಲಿಕೆಯ ಕೈಯಲ್ಲೇ ಇದೆ. ನನ್ನ ತಕ್ಕಡಿಯಲ್ಲಿ ಇದರ ತಟ್ಟೆ ಕೆಳಗಿಳಿಯುವುದು ಅದಕ್ಕೇ.

2025ರ ಆಗಸ್ಟಿನಿಂದ ಬೆಂಗಳೂರಿನಲ್ಲಿ ಆಟೊ ಹತ್ತಿದರೆ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ. ಅದೇ ರಸ್ತೆಯ ಬದಿಯಲ್ಲಿ ಹನ್ನೆರಡು ಅಡಿ ಸಾರ್ವಜನಿಕ ಜಾಗ ಹಿಡಿದು ಇಡೀ ದಿನ ಕಾರು ನಿಲ್ಲಿಸಿದರೆ ಬಹಳ ಕಡೆ ಒಂದು ರೂಪಾಯಿಯೂ ಇಲ್ಲ. ಹೀಗಿರುವಾಗ ಕಾರು ತರುವುದೇ ಲಾಭ. ಜಾಗ ಹುಡುಕುತ್ತ ಅದೇ ನಾಲ್ಕು ರಸ್ತೆ ಸುತ್ತುವ ಗಾಡಿಗಳು ಒಂದು ಕೆಲಸವೂ ಆಗದೆ ಹೊಗೆ ಬಿಡುತ್ತಿರುತ್ತವೆ. ಮಲ್ಲೇಶ್ವರದ ಎಂಟನೇ ಅಡ್ಡರಸ್ತೆಯ ಸುತ್ತಮುತ್ತ ಹಬ್ಬದ ಮುಂಚಿನ ಶನಿವಾರ ನಿಂತು ನೋಡಿ, ಒಂದೇ ಕಾರು ಎಷ್ಟು ಸಲ ಎದುರಾಗುತ್ತದೆಂದು.

ಬೆಂಗಳೂರಿಗೆ ‘ಪಾರ್ಕಿಂಗ್ ನೀತಿ 2.0’ ಎಂಬುದೊಂದು ಕಾಗದದ ಮೇಲೆ ಸಿದ್ಧವಿದೆ. ಮನೆ ಮುಂದಿನ ರಸ್ತೆಯಲ್ಲಿ ನಿಲ್ಲಿಸುವುದಕ್ಕೆ ವಾರ್ಷಿಕ ಪರವಾನಗಿ, ಸಣ್ಣ ಕಾರಿಗೆ ಸಾವಿರ ರೂಪಾಯಿಯಿಂದ ದೊಡ್ಡದಕ್ಕೆ ಐದು ಸಾವಿರದವರೆಗೆ ಎಂದು ಅದರಲ್ಲಿದೆ. ಆ ಮೊತ್ತ ನೋಡಿ ಜನ ಹೌಹಾರಿದರು. ತಿಂಗಳಿಗೆ ಲೆಕ್ಕ ಹಾಕಿದರೆ ಅದು ನೂರರಿಂದ ನಾನೂರು ರೂಪಾಯಿಯ ಆಸುಪಾಸು, ನಮ್ಮ ಬಡಾವಣೆಯಲ್ಲಿ ಗ್ಯಾರೇಜು ಬಾಡಿಗೆಗೆ ಹಿಡಿದವರು ಕೊಡುವುದು ಇದಕ್ಕಿಂತ ಎಷ್ಟೋ ಪಾಲು ಹೆಚ್ಚು.

ಇದರ ನಷ್ಟ ಯಾರಿಗೆ? ರಾತ್ರಿ ಮನೆ ಮುಂದೆ ಟ್ಯಾಕ್ಸಿ ನಿಲ್ಲಿಸುವ ಚಾಲಕರಿಗೆ, ಬಾಡಿಗೆ ಆಟೊದವರಿಗೆ ಇದು ಭಾರ. ಅವರಿಗೆ ರಿಯಾಯಿತಿ ಬರೆದೇ ಕೇಳಬೇಕು. ಅಂಗಡಿಯವರ ಭಯ ಬೇರೆ. ಕಾರು ನಿಲ್ಲಲು ಜಾಗವಿಲ್ಲದಿದ್ದರೆ ಗಿರಾಕಿ ಬರುವುದಿಲ್ಲ ಅನ್ನುತ್ತಾರೆ. ಒಂದು ದಿನ ಅಂಗಡಿ ಬಾಗಿಲಲ್ಲಿ ಕೂತು, ಬಂದವರಲ್ಲಿ ಕಾರಿನಲ್ಲಿ ಎಷ್ಟು, ನಡೆದು ಎಷ್ಟು, ಬಸ್ಸಿಳಿದು ಎಷ್ಟು ಎಂದು ಎಣಿಸಿ. ನಮ್ಮ ಬೀದಿಯ ಕಿರಾಣಿ ಅಂಗಡಿಯ ಅಣ್ಣನ ಜೊತೆ ಕೂತು ಹಾಗೆ ಎಣಿಸಿದ ಮೇಲೆ ಅವರೇ ಮನವಿಗೆ ಸಹಿ ಹಾಕಿದರು.

ಫುಟ್‌ಪಾತಿನ ಮಾದರಿ ನಮ್ಮಲ್ಲೇ ಇದೆ. ರೆಸಿಡೆನ್ಸಿ ರಸ್ತೆ, ವಿಠ್ಠಲ ಮಲ್ಯ ರಸ್ತೆ, ಕನ್ನಿಂಗ್‌ಹ್ಯಾಮ್ ರಸ್ತೆಗಳಲ್ಲಿ ಟೆಂಡರ್‌ಶ್ಯೂರ್ ಯೋಜನೆಯಡಿ ಕೇಬಲ್ಲು, ಕೊಳವೆ ಎಲ್ಲವನ್ನೂ ನೆಲದಡಿಯ ನಾಳಕ್ಕೆ ಸೇರಿಸಿ ಮೇಲೆ ಅಗಲವಾದ ಫುಟ್‌ಪಾತ್ ಹಾಸಿದರು. ಗಾಲಿಕುರ್ಚಿಯೂ ಸಾಗುತ್ತದೆ, ರಸ್ತೆ ಪದೇಪದೇ ಅಗೆಯುವುದೂ ತಪ್ಪುತ್ತದೆ. ಆದರೆ ಅಷ್ಟು ದುಬಾರಿ ಕೆಲಸ ಪ್ರತಿ ವಾರ್ಡಿಗೂ ಬರುವುದಿಲ್ಲ. ಕಡಿಮೆ ಬಜೆಟ್ಟಿನ ವಾರ್ಡಿಗೆ ನನ್ನ ಸಲಹೆ, ಮನೆಯಿಂದ ಬಸ್ ಸ್ಟಾಪಿಗೆ, ಶಾಲೆಗೆ, ಮೆಟ್ರೊಗೆ ಹೋಗುವ ಎರಡು ಮೂರು ದಾರಿಗಳನ್ನು ಮಾತ್ರ ಆರಿಸಿ, ಅಲ್ಲಿನ ಟ್ರಾನ್ಸ್‌ಫಾರ್ಮರ್, ಮುರಿದ ಚಪ್ಪಡಿ, ಮೇಲೇರಿದ ಬೈಕುಗಳನ್ನು ತೆಗೆಸಿ. ಒಂದು ಕಿಲೋಮೀಟರಿಗೂ ಸ್ಕೂಟರ್ ತೆಗೆಯುವ ಅಭ್ಯಾಸ ಬಿಡಬೇಕಾದರೆ ಮೊದಲು ಆ ಒಂದು ಕಿಲೋಮೀಟರ್ ನಡೆಯುವಂತಿರಬೇಕು.

ಬಸ್ಸು: ಎಲೆಕ್ಟ್ರಿಕ್ ಆಗುವುದು ಮತ್ತು ಮುಂದೆ ಹೋಗುವುದು

ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿ ದಾಟಿವೆ, ಅದರಲ್ಲಿ ಮೂರರಲ್ಲಿ ಎರಡು ಪಾಲು ದ್ವಿಚಕ್ರ. ಬಿಎಂಟಿಸಿಯ ಬಸ್ಸುಗಳು ಹತ್ತಿರಹತ್ತಿರ ಏಳು ಸಾವಿರ. ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟರೆ ನಗರದ ಗಾಳಿಯ ಕಥೆ ಅರ್ಧ ತಿಳಿಯುತ್ತದೆ.

ಎಲೆಕ್ಟ್ರಿಕ್ ಬಸ್ಸಿನ ಗುಣ ಸ್ಪಷ್ಟ. ಜನ ತುಂಬಿದ ನಿಲ್ದಾಣದಲ್ಲಿ ಡೀಸೆಲ್ ಹೊಗೆ ಇಲ್ಲ, ಸದ್ದಿಲ್ಲ. 2014ರಲ್ಲಿ ಒಂದೇ ಒಂದು ಬಸ್ಸಿನ ಪ್ರಯೋಗದಿಂದ ಶುರುವಾದ ಬೆಂಗಳೂರಿನಲ್ಲಿ ಈಗ ಸಾವಿರಕ್ಕೂ ಹೆಚ್ಚು ಎಲೆಕ್ಟ್ರಿಕ್ ಬಸ್ಸುಗಳು ಓಡುತ್ತಿವೆ. ಎಲೆಕ್ಟ್ರಿಕ್ ವಾಹನಗಳಿಗೆ ನೆರವು ಕೊಡುವ ಕೇಂದ್ರ ಸರ್ಕಾರದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ 2025ರಲ್ಲಿ ಇನ್ನೂ ಸುಮಾರು 4,500 ಹಂಚಿಕೆಯಾಗಿವೆ. ಬಸ್ಸನ್ನು ಕಂಪನಿಯೇ ತಂದು ಓಡಿಸುತ್ತದೆ, ಸಾರಿಗೆ ಸಂಸ್ಥೆ ಕಿಲೋಮೀಟರಿಗೆ ಇಷ್ಟು ಎಂದು ಕೊಡುತ್ತದೆ. ಹೀಗಾಗಿ ಒಮ್ಮೆಲೇ ದೊಡ್ಡ ಬಂಡವಾಳ ಬೇಕಿಲ್ಲ, ಆದರೆ ಪ್ರತಿದಿನದ ಬಾಕಿ ತಪ್ಪದು. ಟೈರು, ಬ್ರೇಕು ಸವೆದು ಏಳುವ ಕಣಗಳು ಎಲೆಕ್ಟ್ರಿಕ್ ಆದರೂ ಇದ್ದೇ ಇರುತ್ತವೆ ಎನ್ನುವುದನ್ನೂ ತಿಳಿದಿರಿ. ಹತ್ತು ಸಾವಿರ ಕಾರುಗಳು ಎಲೆಕ್ಟ್ರಿಕ್ ಆದರೂ ರಸ್ತೆ ತುಂಬುವುದು ತಪ್ಪುವುದಿಲ್ಲ. ಅದರ ಬದಲು ಒಂದು ಬಸ್ಸಿನಲ್ಲಿ ಅರವತ್ತು ಜನ ಕೂತರೆ ಹೊಗೆಯೂ ಇಳಿಯಿತು, ಜಾಗವೂ ಉಳಿಯಿತು. ಡೀಸೆಲ್ ಬಸ್ಸೇ ಆದರೂ ಈ ಲೆಕ್ಕದಲ್ಲಿ ನಲವತ್ತು ಸ್ಕೂಟರಿಗಿಂತ ಮೇಲು.

ಬಸ್ಸು ಪಾಲಿಕೆಯದಲ್ಲ, ನಿಜ. ಆದರೆ ಅದು ಓಡುವ ರಸ್ತೆ, ನಿಲ್ಲುವ ಜಾಗ ಪಾಲಿಕೆಯದು. 2019ರ ಕೊನೆಯಲ್ಲಿ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದವರೆಗೆ ಔಟರ್ ರಿಂಗ್ ರೋಡಿನ ಎಡತುದಿಯಲ್ಲಿ ಬಸ್ಸಿಗೇ ಮೀಸಲಾದ ಪಥ ಮಾಡಿದ್ದರು. ಪಕ್ಕದ ಪಥದಲ್ಲಿ ಕಾರುಗಳು ತೆವಳುವಾಗ ಬಸ್ಸು ಸಾಗಿಹೋಗುತ್ತಿತ್ತು. ಆ ಬಸ್ಸಿನಲ್ಲಿ ಕೂತು ಕಿಟಕಿಯಾಚೆ ನೋಡಿದ ಯಾರೂ ಅದನ್ನು ಮರೆತಿರಲಾರರು. ಮುಂದೆ ಮೆಟ್ರೊ ಕಾಮಗಾರಿಗೆ ಅದು ಹೋಯಿತು. ಹುಬ್ಬಳ್ಳಿ-ಧಾರವಾಡದಲ್ಲಿ 2018ರಿಂದ ಸುಮಾರು 22 ಕಿಲೋಮೀಟರ್ ಪ್ರತ್ಯೇಕ ಪಥದಲ್ಲಿ ‘ಚಿಗರಿ’ ಬಸ್ಸು ಓಡುತ್ತಿದೆ. ಅಲ್ಲಿನವರ ದೂರು, ಉಳಿದ ಗಾಡಿಗಳಿಗೆ ರಸ್ತೆ ಇಕ್ಕಟ್ಟಾಯಿತು ಎಂದು. ಇಕ್ಕಟ್ಟು ನಿಜ. ಆದರೆ ಆ ಪಥ ತೆಗೆದರೆ ಚಿಗರಿಯಲ್ಲಿ ಕೂತವರೆಲ್ಲ ಬೈಕು ಹತ್ತಿ ಅದೇ ಇಕ್ಕಟ್ಟಿಗೆ ಬಂದು ಸೇರುತ್ತಾರಲ್ಲ?

ಹಾಗಾಗಿ ‘ಎಲೆಕ್ಟ್ರಿಕ್ ಬಸ್ ಕೊಡಿ’ ಎಂದಷ್ಟೇ ಪಾಲಿಕೆಗೆ ಬರೆಯಬೇಡಿ. ಬಸ್ ಪಥ ಕೊಡಿ, ನಿಲ್ದಾಣಕ್ಕೆ ನೆರಳು ಕೊಡಿ, ಒಳಬಡಾವಣೆಯಿಂದ ಮೆಟ್ರೊಗೆ ಸಣ್ಣ ಬಸ್ ತಿರುಗುವಷ್ಟು ತಿರುವನ್ನು ಪಾರ್ಕಿಂಗ್‌ನಿಂದ ಬಿಡಿಸಿಕೊಡಿ ಎಂದು ಬರೆಯಿರಿ. ಬಸ್ಸಿನ ಸಂಖ್ಯೆಯ ಬೇಡಿಕೆಯನ್ನು ಪ್ರತ್ಯೇಕವಾಗಿ ಬಿಎಂಟಿಸಿಗೆ ಕೊಡಿ.

ಹಳೆ ಗಾಡಿ ತಡೆಯುವುದು, ದಟ್ಟಣೆ ಶುಲ್ಕ ಹಾಕುವುದು

ಹೊಗೆ ಇಳಿಸುವ ಬಲದಲ್ಲಿ ಇವೆರಡೇ ಮೊದಲು. ಲಂಡನ್ನಿನಲ್ಲಿ 2019ರ ಏಪ್ರಿಲಿನಿಂದ, ನಿಗದಿತ ಗುಣಮಟ್ಟ ಮುಟ್ಟದ ಗಾಡಿ ನಗರದ ನಡುಭಾಗಕ್ಕೆ ಬಂದರೆ ದಿನಕ್ಕೆ 12.50 ಪೌಂಡ್ ಶುಲ್ಕ. 2023ರಲ್ಲಿ ಅದು ಇಡೀ ಲಂಡನ್ನಿಗೆ ಹಬ್ಬಿತು. ನಡುಭಾಗದ ರಸ್ತೆಬದಿಯಲ್ಲಿ ನೈಟ್ರೋಜನ್ ಡೈಆಕ್ಸೈಡ್, ಈ ಕ್ರಮ ಇಲ್ಲದಿದ್ದರೆ ಇರುತ್ತಿದ್ದುದರ ಸುಮಾರು ಅರ್ಧಕ್ಕೆ ಇಳಿದಿದೆ ಎಂದು ನಗರಾಡಳಿತದ ವರದಿಗಳು ಹೇಳುತ್ತವೆ. ಆದರೆ ಹಳೆ ಗಾಡಿ ಇರುವುದು ಹೊಸದು ಕೊಳ್ಳಲಾಗದವರ ಬಳಿ. ಅದಕ್ಕೆ ಅಲ್ಲಿ ಹಳೆ ಕಾರು ಗುಜರಿಗೆ ಹಾಕಿದವರಿಗೆ 2,000 ಪೌಂಡ್ ನೆರವು ಕೊಟ್ಟರು.

ನೆರವಿಲ್ಲದೆ, ಬದಲಿ ಇಲ್ಲದೆ ಮಾಡಿದರೆ ಏನಾಗುತ್ತದೆ ಎನ್ನುವುದಕ್ಕೆ ದೆಹಲಿ ಇದೆ. 2025ರ ಜುಲೈ 1ರಿಂದ ಹತ್ತು ವರ್ಷ ದಾಟಿದ ಡೀಸೆಲ್, ಹದಿನೈದು ದಾಟಿದ ಪೆಟ್ರೋಲ್ ಗಾಡಿಗೆ ಬಂಕಿನಲ್ಲಿ ಇಂಧನವಿಲ್ಲ ಎಂದರು. ಜನರ ಸಿಟ್ಟಿಗೆ ಕೆಲವೇ ದಿನಗಳಲ್ಲಿ ಹಿಂದೆ ಸರಿಯಬೇಕಾಯಿತು. ಚೆನ್ನಾಗಿ ಇಟ್ಟುಕೊಂಡ ಹಳೆ ಗಾಡಿಗೂ ಹೊಗೆ ಕಾರುವ ಗಾಡಿಗೂ ಒಂದೇ ಶಿಕ್ಷೆ ಎನ್ನುವುದು ಜನರಿಗೆ ಒಪ್ಪಿಗೆಯಾಗಲಿಲ್ಲ. ವಯಸ್ಸಿಗಿಂತ ಹೊಗೆಯ ಮಟ್ಟ ನೋಡುವುದು ಸರಿ. ಹಾಗೆ ನೋಡಬೇಕಾದರೆ ಎಮಿಷನ್ ಟೆಸ್ಟ್ ಎನ್ನುವುದು ಹೆಸರಿಗೆ ಮಾತ್ರ ಆಗಬಾರದು.

ದಟ್ಟಣೆ ಶುಲ್ಕಕ್ಕೆ ಸ್ಟಾಕ್‌ಹೋಮ್ ನೋಡಬೇಕು. 2006ರ ಜನವರಿಯಿಂದ ಜುಲೈವರೆಗೆ ಪರೀಕ್ಷೆಗೆಂದು ಶುಲ್ಕ ಹಾಕಿದರು, ನಗರದೊಳಗೆ ಬರುವ ಗಾಡಿ ಶೇ. 20ರಷ್ಟು ಇಳಿಯಿತು. ನಿಲ್ಲಿಸಿದಾಗ ಗಾಡಿಗಳು ಮತ್ತೆ ಏರಿದವು. ಆ ಸೆಪ್ಟೆಂಬರಿನಲ್ಲಿ ಜನಮತ ಕೇಳಿದರೆ, ಮೊದಲು ವಿರೋಧಿಸಿದ್ದ ನಗರವೇ ಹೂಂ ಎಂದಿತು. ಎಲ್ಲರೂ ಇಲ್ಲಿಗೇ ಕಥೆ ನಿಲ್ಲಿಸುತ್ತಾರೆ. ನನಗೆ ಮುಖ್ಯವೆನಿಸುವುದು ಅದಕ್ಕೂ ಹಿಂದಿನದು: ಶುಲ್ಕ ಶುರುವಾಗುವ ನಾಲ್ಕು ತಿಂಗಳ ಮೊದಲೇ, 2005ರ ಆಗಸ್ಟಿನಲ್ಲಿ, ಹೊಸ ಬಸ್ ಮಾರ್ಗಗಳನ್ನು ಓಡಿಸಿದ್ದರು. ಮೊದಲು ಕೊಟ್ಟರು, ಆಮೇಲೆ ಕೇಳಿದರು. 2025ರಲ್ಲಿ ನಮ್ಮ ಔಟರ್ ರಿಂಗ್ ರೋಡಿಗೂ ದಟ್ಟಣೆ ಶುಲ್ಕದ ಮಾತು ಎದ್ದು ತಣ್ಣಗಾಯಿತು. ಬಸ್ಸು ಸಾಲದ, ಫುಟ್‌ಪಾತ್ ಇಲ್ಲದ ರಸ್ತೆಯಲ್ಲಿ ಆ ಶುಲ್ಕ ಜನರ ಕಣ್ಣಿಗೆ ದಂಡವಾಗಿ ಮಾತ್ರ ಕಾಣುತ್ತದೆ.

ಇವೆರಡೂ ವಾರ್ಡ್ ಮಟ್ಟದ ಬೇಡಿಕೆಗಳಲ್ಲ. ಸರ್ಕಾರ, ಸಾರಿಗೆ ಇಲಾಖೆ, ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರ ಒಟ್ಟಿಗೆ ಕೂತು ಮಾಡಬೇಕಾದವು. ಹಾಗೆಂದು ಕೈಬಿಡಬೇಕಿಲ್ಲ, ಐದಾರು ವಾರ್ಡುಗಳ ಸಂಘಗಳು ಸೇರಿ ಕೇಳಬಹುದು.

ಹಾಗಾದರೆ ನಿಮ್ಮ ವಾರ್ಡಿಗೆ?

ಮನೆಗಳೇ ಹೆಚ್ಚು, ಎರಡು ಮೂರು ಶಾಲೆ ಇವೆ, ದುಡ್ಡು ಕಡಿಮೆ ಎಂದಾದರೆ ನಾನು ಹಿಂದೆಮುಂದೆ ನೋಡದೆ ಶಾಲೆ ರಸ್ತೆಯನ್ನೇ ಆರಿಸುತ್ತೇನೆ. ಒಂದು ಶಾಲೆಯಲ್ಲಿ ಒಂದು ತಿಂಗಳು ಮಾಡಿ ತೋರಿಸಿದರೆ ಉಳಿದ ಶಾಲೆಯವರೇ ಕೇಳಿಕೊಂಡು ಬರುತ್ತಾರೆ. ಹಳೆ ಪೇಟೆ, ಮಾರ್ಕೆಟ್ ಇರುವ ವಾರ್ಡಾದರೆ ಪಾರ್ಕಿಂಗ್ ಶುಲ್ಕದಿಂದ ಶುರುಮಾಡಿ, ಆ ಹಣ ಅದೇ ವಾರ್ಡಿನ ಫುಟ್‌ಪಾತಿಗೇ ಬರಬೇಕೆಂದು ಬರೆಸಿಕೊಳ್ಳಿ. ರಸ್ತೆ ಮುಚ್ಚುವುದು ಅದರ ನಂತರದ ಮಾತು, ಅದೂ ಮೊದಲು ಭಾನುವಾರ ಮಾತ್ರ. ಐಟಿ ಕಂಪನಿಗಳ ದಾರಿಯಲ್ಲಿರುವ ವಾರ್ಡುಗಳಿಗೆ ಬಸ್ ಪಥ ಬಿಟ್ಟರೆ ಬೇರೆ ಯಾವುದೂ ತೂಕಕ್ಕೆ ಬರುವುದಿಲ್ಲ, ನಿಮ್ಮ ರಸ್ತೆಯ ಹೊಗೆ ನಿಮ್ಮ ವಾರ್ಡಿನವರದೇ ಅಲ್ಲವಲ್ಲ. ದಾವಣಗೆರೆ, ಕಲಬುರಗಿಯಂಥ ಊರಿನಲ್ಲಿ ದೂರಗಳು ಕಡಿಮೆ. ಅಲ್ಲಿ ಫುಟ್‌ಪಾತ್ ಮತ್ತು ನೆರಳಿನ ಮರಕ್ಕೆ ಹಾಕಿದ ದುಡ್ಡು ಬೆಂಗಳೂರಿಗಿಂತ ಬೇಗ ಫಲ ಕೊಡುತ್ತದೆ, ಊರು ಇನ್ನೂ ಪೂರ್ತಿ ಗಾಡಿಗೆ ಒಗ್ಗುವ ಮುನ್ನ ಮಾಡಿದರೆ. ಕಲಬುರಗಿಯ ಏಪ್ರಿಲ್ ಬಿಸಿಲಲ್ಲಿ ನೆರಳಿಲ್ಲದ ಫುಟ್‌ಪಾತ್ ಇದ್ದೂ ಇಲ್ಲದ ಹಾಗೆ.

ಏನೇ ಆರಿಸಿದರೂ ಅಳತೆಯನ್ನು ಅದರೊಳಗೇ ಸೇರಿಸಿ. ಸಿಲ್ಕ್ ಬೋರ್ಡ್, ಹೆಬ್ಬಾಳ, ಜಯನಗರ, ಪೀಣ್ಯದಂಥ ಕಡೆ ಮಂಡಳಿಯ ಮಾಪನ ಕೇಂದ್ರಗಳಿವೆ, ಕೇಂದ್ರ ಮಂಡಳಿಯ ‘ಸಮೀರ್’ ಆ್ಯಪಿನಲ್ಲಿ ಗಂಟೆಗಂಟೆಯ ಅಂಕಿ ಸಿಗುತ್ತದೆ. ಅದರಲ್ಲಿ ಹಸಿರು, ಹಳದಿ ಬಣ್ಣ ನೋಡಿ ಬಿಡಬೇಡಿ, ನೈಟ್ರೋಜನ್ ಡೈಆಕ್ಸೈಡಿನ ಸಾಲು ನೋಡಿ. ನಿಮ್ಮ ಬೀದಿಯಲ್ಲೇ ಅಳೆಯಲು ಸಣ್ಣ ಉಪಕರಣ ಇಡಿಸಿ ಎಂದು ಮನವಿಯಲ್ಲಿ ಬರೆಯಿರಿ, ಇಡುವುದು ಕೆಲಸ ಶುರುವಾಗುವ ಎರಡು ತಿಂಗಳ ಮೊದಲು. ಹೋಲಿಸುವಾಗ ಈ ಫೆಬ್ರವರಿಯನ್ನು ಮುಂದಿನ ಫೆಬ್ರವರಿಗೇ ಹೋಲಿಸಿ. ಜೂನಿನ ಮಳೆ ಬಂದು ಗಾಳಿ ತೊಳೆದಾಗ ಅಂಕಿ ತಾನಾಗೇ ಇಳಿಯುತ್ತದೆ, ಅದನ್ನು ತೋರಿಸಿ ಯೋಜನೆ ಗೆದ್ದಿತು ಎನ್ನುವವರು ಸಭೆಯಲ್ಲಿ ಇದ್ದೇ ಇರುತ್ತಾರೆ.